ಸೋಮವಾರದ ಕುಂಬಳಕಾಯಿ

2025ರ ಯುಗಾದಿ ಭಾನುವಾರ ಬಿತ್ತು, ಹೊಸತೊಡಕು ಸೋಮವಾರಕ್ಕೆ ಹೋಯಿತು. ನಂಜನಗೂಡಿನಲ್ಲಿ, ಅದೂ ಶ್ರೀಕಂಠೇಶ್ವರನ ಒಕ್ಕಲಿನ ಮನೆಯಲ್ಲಿ, ಸೋಮವಾರ ಬಾಡಿನ ಮಾತೆತ್ತುವ ಹಾಗಿಲ್ಲ. ಹಿತ್ತಲಲ್ಲಿ ಸಿದ್ಧವಾಗಿ ನಿಂತಿದ್ದ ನನ್ನ ತಿರುಗುವ ಒಲೆಯನ್ನು ನೋಡಿದ ಅಮ್ಮ ಒಂದು ಬೂದುಗುಂಬಳಕಾಯಿ ತಂದಿಟ್ಟು, "ಇವತ್ತು ಇದನ್ನೇ ತಿರುಗಿಸ್ಕೊ" ಅಂದಳು.

ಒಲೆಯ ಒಡಲು ಗುಜರಿಯ ಡ್ರಮ್ಮು, ಉದ್ದಕ್ಕೆ ಸೀಳಿದ್ದು. ತಿರುಗಿಸಲು ಹಳೇ ಕಾರಿನ ವೈಪರ್ ಮೋಟಾರು. ಅದು ನಿಮಿಷಕ್ಕೆ 40ಕ್ಕೂ ಹೆಚ್ಚು ಸುತ್ತು ಹೊಡೆಯುತ್ತದೆ. ಆ ವೇಗಕ್ಕೆ ಮಸಾಲೆಯೆಲ್ಲ ಗೋಡೆಗೆ. ಅದಕ್ಕೇ ಸೈಕಲ್ಲಿನ ಹಲ್ಲುಚಕ್ರಗಳು: 18 ಹಲ್ಲಿನ ಚಿಕ್ಕದರಿಂದ 44ರ ದೊಡ್ಡದಕ್ಕೆ, ಮತ್ತೆ ಅಂಥದ್ದೇ ಇನ್ನೊಂದು ಜೋಡಿ. ವೇಗ ಏಳು ಸುತ್ತಿಗೆ ಇಳಿಯಿತು.

ಎರಡನೆಯ ಜೋಡಿ ಚಿಕ್ಕಪ್ಪನ ಸೈಕಲ್ಲಿನದು. ತಿ. ನರಸೀಪುರದಿಂದ ಅದರಲ್ಲೇ ಬರುತ್ತಿದ್ದರು, ಹ್ಯಾಂಡಲ್ಲಿಗೆ ಬಾಡಿನ ಚೀಲ ತೂಗುಹಾಕಿಕೊಂಡು. ಬನ್ನೂರು ಅವರ ತಾಲ್ಲೂಕಿಗೇ ಸೇರಿದ್ದರಿಂದ ಬನ್ನೂರು ಕುರಿಯ ಗಿಡ್ಡ ಕಾಲು, ತುಂಬಿದ ಮೈ, ಕೊಬ್ಬಿನ ರುಚಿ ಎಲ್ಲಕ್ಕೂ ತಾವೇ ವಾರಸುದಾರರು ಎಂಬ ಗರ್ವ. ಅದು ಮಳವಳ್ಳಿ ಕಡೆಯ ಬಂಡೂರಿನ ತಳಿ ಅಂತ ಯಾರಾದರೂ ತೆಗೆದರೆ ಎಲೆ ಬಿಟ್ಟು ಏಳುವವರು. ಗುಡ್ಡೆ ಬಾಡಿನ ದಿನ ಸೈಕಲ್ ಕಡ್ಡಿಗೆ ಈಲಿ ಚುಚ್ಚಿ, ಕೆಂಡದಲ್ಲಿ ಸುಟ್ಟು ಮಕ್ಕಳಿಗೆ ಕೊಡುತ್ತಿದ್ದವರೂ ಅವರೇ. ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಶೂಲಕ್ಕೆ ಚುಚ್ಚಿ ಮಾಂಸ ಸುಡುವ ಕ್ರಮ ಹೇಳಿದ್ದಾನೆ. ಸೈಕಲ್ ಕಡ್ಡಿಯ ಸೌಕರ್ಯ ಪಾಪ ಆ ದೊರೆಗಿರಲಿಲ್ಲ.

ಕುಂಬಳಕಾಯಿಯಿಂದ ಉಪಕಾರವೇ ಆಯಿತು. ಕಂಬಿ ಸ್ವಲ್ಪ ಓರೆಯಾಗಿ ಚುಚ್ಚಿದ್ದರೂ ಭಾರದ ಕಡೆ ಮೇಲೇರುವಾಗ ಮೋಟಾರು ಮುಲುಗುತ್ತದೆ, ಇಳಿಯುವಾಗ ಕಾಯಿ ದಬಕ್ಕನೆ ಉರುಳುತ್ತದೆ. ಎದುರು ಬದಿಗೆ ಕಬ್ಬಿಣದ ನಟ್ಟು ಕಟ್ಟಿ ಸಮ ಮಾಡಿದೆ. ಬೇಲಿಯಾಚೆ ನಿಂತವರೊಬ್ಬರು ದೃಷ್ಟಿ ತೆಗೆಯುವ ಹೊಸ ಯಂತ್ರವೋ ಎಂದು ವಿಚಾರಿಸಿ ಹೋದರು.

ಮಂಗಳವಾರ ಇಸ್ತ್ರಿ ಅಂಗಡಿಯಿಂದ ಇದ್ದಿಲು ಬಂತು, ನರಸೀಪುರದ ಬಸ್ಸಿನಲ್ಲಿ ಚಿಕ್ಕಪ್ಪ ಬಂದರು. ಬನ್ನೂರು ಕುರಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದರೆ ಭಗ್ಗೆಂದು ಹತ್ತಿಕೊಂಡು ಬಾಡು ಕರಿಕಟ್ಟುತ್ತದೆ. ಹಾಗಾಗಿ ಕೆಂಡವನ್ನು ಎರಡು ಬದಿಗೆ ಸರಿಸಿ, ನಡುವೆ ನೀರಿನ ತಟ್ಟೆ ಇಟ್ಟೆ. ಮೊಸರು, ಮೆಣಸು, ಬೆಳ್ಳುಳ್ಳಿ ಸವರಿದ ಇಡೀ ತೊಡೆ ಸದ್ದಿಲ್ಲದೆ ಸುತ್ತತೊಡಗಿತು. ಮಾಡಲು ಕೆಲಸವಿಲ್ಲದ್ದರಿಂದ ಒಲೆಯ ಹತ್ತಿರ ಒಬ್ಬರೂ ಕೂರಲಿಲ್ಲ. ಎಲ್ಲರೂ ಒಳಗೆ ಟೀವಿ ಮುಂದೆ.

ತೊಡೆ ಅರ್ಧ ಬೆಂದಿತ್ತು, ಬ್ಯಾಟರಿ ಸತ್ತಿತು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಮೋಟಾರಿನ ಕಡೆಯ ಚೈನು ಕಳಚಿ, ನಾನು ಬಿಚ್ಚದೇ ಉಳಿಸಿದ್ದ ಪೆಡಲನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕುಕ್ಕರಗಾಲಲ್ಲಿ ಕೂತರು. ಹುಡುಗರು ಒಬ್ಬೊಬ್ಬರೇ ಟೀವಿ ಬಿಟ್ಟು ಬಂದರು. ಅಮ್ಮನೂ ಮುದ್ದೆಗೆ ಎಸರಿಟ್ಟು ಮೆಟ್ಟಿಲ ಮೇಲೆ ಕೂತಳು. ಚಿಕ್ಕಪ್ಪ ತುಸು ಹೊತ್ತು ತುಳಿದು, ಅಂದರೆ ತಿರುಗಿಸಿ, ತೊಡೆಯನ್ನೊಮ್ಮೆ ಬೆರಳಲ್ಲಿ ಒತ್ತಿ ನೋಡಿದರು.

"ಇಷ್ಟೊತ್ತಿಗೆ ನರಸೀಪುರ ಸಿಕ್ಕಿರೋದು ಕಣ್ಲಾ ಮಗ. ಇದು ಇನ್ನೂ ಬೆಂದಿಲ್ವಲ್ಲ!"