ಔಟಾದವರನ್ನು ಎಬ್ಬಿಸುವ ಆಟ

ಜಪಾನಿನ ಹೈಸ್ಕೂಲು ಹುಡುಗರು ಉಸಿರು ಬಿಗಿಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಬ್ಬರ ಕಾಲನ್ನು ಒಬ್ಬರು ಎಳೆಯುವ ಚಿತ್ರಕಥೆಯೊಂದಿದೆ ಎಂದರೆ ಪೀಣ್ಯದ ನನ್ನ ಹಳೇ ಜೊತೆಗಾರರು ‘ಏನಪ್ಪಾ, ಬೆಳಬೆಳಿಗ್ಗೆನೇ ಶುರು ಹಚ್ಕೊಂಡಾ?’ ಎಂದು ಕೇಳಿಯಾರು. ಆದರೆ ಅಂಥದ್ದೊಂದು ಇದೆ. ಹೆಸರು ‘ಶಕುನೆತ್ಸು ಕಬಡ್ಡಿ’. ಹಜಿಮೆ ಮುಸಾಶಿನೊ ಎಂಬುವರು 2015ರಲ್ಲಿ ಶುರು ಮಾಡಿದ ಮಾಂಗಾ. 2021ರಲ್ಲಿ 12 ಕಂತುಗಳ ಅನಿಮೆಯಾಗಿಯೂ ಬಂತು.

ನನಗೆ ಇದನ್ನು ತೋರಿಸಿದವಳು ಮಗಳು. ಮನೆ ಲಗ್ಗೆರೆ, ಅವಳ ಕೆಲಸ ಎಲೆಕ್ಟ್ರಾನಿಕ್ ಸಿಟಿ. ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಮಾರ್ಗ ಹಿಡಿದು ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗುವ ಮುಂಚೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಯಾಬಿನೊಳಗೆ ನಿದ್ದೆ ಮಾಡುತ್ತಿದ್ದವಳು ಈಗ ಮೆಟ್ರೊದಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಮಾಂಗಾ ಓದುತ್ತಾಳೆ. ಬಲದಿಂದ ಎಡಕ್ಕೆ ಓದಬೇಕಾದ ಪುಟಗಳು. ನಾನು ಎಡದಿಂದ ಶುರು ಮಾಡಿ, ಔಟಾದವನು ಆಮೇಲೆ ರೈಡ್‌ಗೆ ಹೋಗುವುದನ್ನು ಕಂಡು ತಬ್ಬಿಬ್ಬಾಗಿದ್ದೆ.

ಆಟದ ಮಾಂಗಾಗಳದ್ದು ಒಂದೇ ಜಗಳ. ಗೆಳೆತನ ದೊಡ್ಡದೋ, ಗೆಲುವು ದೊಡ್ಡದೋ? 1968ರಲ್ಲಿ ಹುಟ್ಟಿದ ‘ಶೋನೆನ್ ಜಂಪ್’ ಪತ್ರಿಕೆ ಗೆಳೆತನ, ಪರಿಶ್ರಮ, ಗೆಲುವು ಎಂಬ ಮೂರನ್ನೂ ತನ್ನ ಮಂತ್ರವೆಂದು ಒಂದೇ ಉಸಿರಿನಲ್ಲಿ ಹೇಳಿ ಕೈತೊಳೆದುಕೊಂಡಿತು. ಅದರಲ್ಲೇ 1990ರಿಂದ 1996ರವರೆಗೆ ತಕೆಹಿಕೊ ಇನೊಯೆ ಬರೆದ ಬಾಸ್ಕೆಟ್‌ಬಾಲ್ ಕಥೆ ‘ಸ್ಲಾಮ್ ಡಂಕ್’ ಬಂತು. ಮುಖ ಕಂಡರಾಗದ ಇಬ್ಬರು ಹುಡುಗರು ಒಂದೇ ತಂಡದಲ್ಲಿದ್ದಾರೆ. ಕೊನೆಯ ಕ್ಷಣದಲ್ಲಿ ಒಬ್ಬ ಚೆಂಡು ಕೊಡುತ್ತಾನೆ, ಇನ್ನೊಬ್ಬ ಹಾಕುತ್ತಾನೆ. ಒಂದು ಅಂಕದಿಂದ ಗೆದ್ದು, ಮಾತಿಲ್ಲದೆ ಕೈಗೆ ಕೈ ತಟ್ಟುತ್ತಾರೆ. ಮುಂದಿನ ಸುತ್ತಿನಲ್ಲಿ ಆ ತಂಡ ಹೀನಾಯವಾಗಿ ಸೋಲುತ್ತದೆ. ಇನೊಯೆ ಆ ಸೋಲನ್ನು ಹೆಚ್ಚು ಎಳೆಯದೆ ಮುಗಿಸಿಬಿಡುತ್ತಾರೆ. ಎದೆಗಾರಿಕೆಯ ಬರಹಗಾರ.

ಮಗಳಿಗೆ ಇದೆಲ್ಲ ಹಳೇ ಕಾಲದ್ದು. ಅವಳ ಮೆಚ್ಚಿನದು 2018ರಲ್ಲಿ ಬಂದ ‘ಬ್ಲೂ ಲಾಕ್’. ಅದರಲ್ಲಿ 300 ಮಂದಿ ಫುಟ್‌ಬಾಲ್ ಸ್ಟ್ರೈಕರ್‌ಗಳನ್ನು ಒಂದು ಕಡೆ ಕೂಡಿಹಾಕಿ, ಸ್ವಾರ್ಥವನ್ನೇ ಪಾಠ ಮಾಡಿ, ಒಬ್ಬನನ್ನು ಸೋಸಿ ತೆಗೆಯುತ್ತಾರೆ.

“ಇಷ್ಟು ಕ್ರೂರವಾದದ್ದನ್ನ ಹೆಂಗೆ ಓದ್ತೀಯಮ್ಮ?” ಎಂದೆ.

“ಅಪ್ಪಾ, ನಮ್ಮ ಆಫೀಸಲ್ಲಿ ಬೆಲ್ ಕರ್ವ್ ಇದೆ. ಟೀಮಲ್ಲಿ ಎಲ್ರೂ ಒಟ್ಟಿಗೆ ಊಟ ಮಾಡ್ತೀವಿ, ಒಬ್ರ ಡಬ್ಬಿಗೆ ಒಬ್ರು ಕೈ ಹಾಕ್ತೀವಿ. ಅಪ್ರೈಸಲ್ ಬಂದಾಗ ಒಬ್ರಿಗೆ ಒಳ್ಳೇ ರೇಟಿಂಗ್ ಬರ್ಬೇಕು ಅಂದ್ರೆ ಇನ್ನೊಬ್ರಿಗೆ ಕಮ್ಮಿ ಬರ್ಲೇಬೇಕು. ಬ್ಲೂ ಲಾಕ್ ಕನಿಷ್ಠ ಸುಳ್ಳು ಹೇಳಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಕಬಡ್ಡಿ ಮಾಂಗಾ ಓದಿದ ಮೇಲೆ ಸ್ವಲ್ಪ ಹೊಳೆಯಿತು.

ಅದರ ನಾಯಕ ತತ್ಸುಯಾ ಯೋಯ್ಗೋಶಿ ಫುಟ್‌ಬಾಲಿನಲ್ಲಿ ಹೆಸರು ಮಾಡಿದ ಹುಡುಗ. ಅವನ ಹಟಕ್ಕೆ ಜೊತೆಯವರು ಹೆಜ್ಜೆ ಹಾಕಲಾರದೆ ಹೋಗಿ, ಒಂಟಿಯಾಗಿ, ಆಟದ ಸಹವಾಸವೇ ಬೇಡವೆಂದು ಕೂತಿದ್ದಾನೆ. ಅವನನ್ನು ಶಾಲೆಯ ಕಬಡ್ಡಿ ತಂಡದವರು ಬೆದರಿಸಿ ಎಳೆದು ತರುತ್ತಾರೆ. ಇದೂ ಒಂದು ಆಟವೇ ಎನ್ನುತ್ತ ಬಂದವನು ಹಿಡಿಸಿಕೊಂಡು ನೆಲಕ್ಕೆ ಬೀಳುತ್ತಾನೆ, ಆಮೇಲೆ ಬಿಡಲಾರ. ಅಂಥ ಹುಡುಗನಿಗೆ ಲೇಖಕ ಬೇರೆ ಯಾವ ಆಟವನ್ನೂ ಕೊಡದೆ ಕಬಡ್ಡಿಯನ್ನೇ ಕೊಟ್ಟದ್ದು ಸುಮ್ಮನೆ ವಿಚಿತ್ರಕ್ಕಲ್ಲ ಎಂದು ನನ್ನ ಅನಿಸಿಕೆ.

ಕಬಡ್ಡಿಯಲ್ಲಿ ಹಿಂದೆ ಮೂರು ಪದ್ಧತಿಗಳಿದ್ದವು. ಅಮರ್ ಪದ್ಧತಿಯಲ್ಲಿ ಔಟಾದವನೂ ಅಂಕಣದಲ್ಲೇ ಇರುತ್ತಾನೆ, ಎದುರಾಳಿಗೆ ಅಂಕ ಸಿಗುತ್ತದೆ ಅಷ್ಟೆ. ಗಾಮಿನಿಯಲ್ಲಿ ಔಟಾದವನು ತಂಡವೆಲ್ಲ ಔಟಾಗುವ ತನಕ ಹೊರಗೇ ಕೊಳೆಯಬೇಕು. ಸಂಜೀವಿನಿಯಲ್ಲಿ ಎದುರಾಳಿಯ ಒಬ್ಬ ಔಟಾದರೆ ನಮ್ಮವನೊಬ್ಬ ಎದ್ದು ಒಳಗೆ ಬರುತ್ತಾನೆ. ಇವತ್ತು ಏಷ್ಯನ್ ಕ್ರೀಡಾಕೂಟದಿಂದ ಪ್ರೊ ಕಬಡ್ಡಿಯವರೆಗೆ ನಡೆಯುತ್ತಿರುವುದು ಈ ಸಂಜೀವಿನಿಯ ವಂಶದ ಆಟ. ಅದರ ಎರಡು ಸಣ್ಣ ನಿಯಮಗಳು ನನಗೆ ಬಹಳ ಇಷ್ಟ. ಮೊದಲು ಔಟಾದವನೇ ಮೊದಲು ಒಳಗೆ ಬರಬೇಕು. ನಿಮ್ಮ ಶೂರ ರೈಡರ್ ಮೂರನೆಯವನಾಗಿ ಔಟಾಗಿದ್ದರೆ ಅವನಿಗಿಂತ ಮುಂಚಿನ ಇಬ್ಬರನ್ನು ಎಬ್ಬಿಸದೆ ಅವನು ನಿಮಗೆ ಸಿಗುವುದಿಲ್ಲ, ಶಿಫಾರಸು ನಡೆಯುವುದಿಲ್ಲ. ಇನ್ನೊಂದು, ಬೋನಸ್ ಗೆರೆ ದಾಟಿ ತಂದ ಅಂಕದಿಂದ ಯಾರೂ ಎದ್ದು ಬರುವುದಿಲ್ಲ. ಅಂಕಪಟ್ಟಿ ಏರುತ್ತದೆ, ಹೊರಗೆ ಕೂತವನು ಕೂತೇ ಇರುತ್ತಾನೆ.

ಮೊದಲ ನಿಯಮದ ಬಿಸಿ ನನಗೆ ತಾಗಿದ್ದು ತೊಂಬತ್ತರ ದಶಕದಲ್ಲಿ, ಪೀಣ್ಯ ಎರಡನೇ ಹಂತದಲ್ಲಿ. ನಾನು ಟರ್ನರ್. ಎಡಗಡೆಯ ಲೇತ್ ನನ್ನದು, ಅದರಾಚೆಯ ಮಿಲ್ಲಿಂಗ್ ಮಿಷನ್ ಕುಣಿಗಲ್‌ನದು. ಶಾಪ್‌ನಲ್ಲಿ ಹೆಸರಿಗಿಂತ ಊರು ಮುಂದೆ: ಮಾಗಡಿ, ತುರುವೇಕೆರೆ, ಮದ್ದೂರು, ಗದಗ ಎಲ್ಲರೂ ಒಂದೇ ಶೆಡ್ಡಿನಲ್ಲಿದ್ದರು. ಕುಣಿಗಲ್ ನಮ್ಮ ರೈಡರ್. ಗಿಡ್ಡ ಆಳು, ಹಿಂಗಾಲಿನಲ್ಲಿ ಮುಟ್ಟಿ ತಿರುಗುವ ಚಮತ್ಕಾರ. ನಾನು ರೈಟ್ ಕವರ್. ರಾಜ್ಯೋತ್ಸವದ ತಿಂಗಳು ಬಂತೆಂದರೆ ದಾಸರಹಳ್ಳಿಯಿಂದ ಲಗ್ಗೆರೆಯವರೆಗೆ ಯಾವ ಖಾಲಿ ಸೈಟು ಕಂಡರೂ ಅಲ್ಲೊಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರೂ ಆಡುವಂತೆ ಮಧ್ಯರಾತ್ರಿ ದಾಟಿ ನಡೆಯುತ್ತಿತ್ತು.

ಆ ವರ್ಷ ಕುಣಿಗಲ್‌ನ ಮಂಡಿ ಊದಿಕೊಂಡಿತ್ತು. ಹೊರಗಿನ ಪ್ಲೇಯರ್ ಕರೆಸೋಣ ಎಂಬ ಮಾತು ಎದ್ದಿತು. ಪಂದ್ಯಾವಳಿಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಊರಿನ ಕಾಲೇಜು ತಂಡದ ಹುಡುಗನೊಬ್ಬನಿಗೆ ಬಸ್ ಚಾರ್ಜು, ಊಟ, ಬಹುಮಾನದಲ್ಲಿ ಪಾಲು ಕೊಟ್ಟರೆ ಒಂದು ರಾತ್ರಿಯ ಮಟ್ಟಿಗೆ ಅವನೂ ನಮ್ಮ ಫ್ಯಾಕ್ಟರಿಯವನೇ. ನಾನು ಬೇಡವೆಂದೆ. ಮೂರು ವರ್ಷ ನಮಗಾಗಿ ಮೊಣಕೈ ಕಿತ್ತುಕೊಂಡವನನ್ನು ಗೆರೆಯಾಚೆ ಕೂರಿಸಿ, ಹೆಸರೂ ಗೊತ್ತಿಲ್ಲದವನನ್ನು ಆಡಿಸುವುದೆಂದರೇನು? ಟೀ ಅಂಗಡಿಯಲ್ಲಿ ನಾನು ಇದನ್ನೇ ರೋಷದಿಂದ ಹೇಳುತ್ತಿರಬೇಕಾದರೆ ಕುಣಿಗಲ್ ಲೋಟ ಕೆಳಗಿಟ್ಟ.

“ಲೋ, ನನ್ ಮಂಡಿ ಮಕ ನೋಡ್ಕಂಡು ಕಪ್ ಬಿಟ್ಬುಡ್ತೀರಾ? ಆ ಹುಡ್ಗನ್ ಹೇಳ್ದೋನೇ ನಾನು ಕಣ್ರಲೇ. ನಮ್ಮೂರ್ ಕಡೆಯೋನು.”

ಫೈನಲ್‌ನಲ್ಲಿ ಆ ಹುಡುಗ ಚೆನ್ನಾಗಿಯೇ ಆಡಿದ. ಎರಡನೇ ಅರ್ಧದ ನಡುವೆ ಹಿಡಿಸಿಕೊಂಡ. ಅವನಿಗಿಂತ ಮುಂಚೆ ಇಬ್ಬರು ಔಟಾಗಿ ಕೂತಿದ್ದರು. ಮೊದಲು ಕೂತವನು ಪ್ಯಾಕಿಂಗ್ ಸೆಕ್ಷನ್ನಿನ ಹುಡುಗ, ಸಂಖ್ಯೆ ಭರ್ತಿಗೆಂದು ಸೇರಿಸಿಕೊಂಡವನು. ನಾವು ನಾಲ್ವರು ಉಳಿದಿದ್ದೆವು. ಬಲಮೂಲೆಯ ಕಾರ್ನರ್ ಮದ್ದೂರಿನವನು. ಅವನೂ ನಾನೂ ಚೈನ್ ಹಾಕಿ ನಿಂತೆವು. ಕೂಲಂಟ್ ಎಣ್ಣೆಗೆ ಸುಲಿದುಹೋದ ಅಂಗೈಗಳು, ಬೆರಳ ಸಂದಿಯಲ್ಲಿ ಕಬ್ಬಿಣದ ಸಿಬಿರು. ಬೆವರಿಗೆ ಹಿಡಿತ ಜಾರುತ್ತಿತ್ತು. “ಮಣಿಕಟ್ ಹಿಡೀರೋ, ಬೆರಳಲ್ಲ!” ಎಂದು ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದವನು ಕುಣಿಗಲ್. ಹಿಡಿದೆವು. ರೈಡರ್ ಬಿದ್ದ. ಆ ಅಂಕಕ್ಕೆ ಎದ್ದು ಬಂದವನು ನಮಗೆ ಬೇಕಾಗಿದ್ದ ಶೂರನಲ್ಲ, ಪ್ಯಾಕಿಂಗ್ ಹುಡುಗ. ಮುಂದಿನ ರೈಡಿನಲ್ಲಿ ಆ ಪುಣ್ಯಾತ್ಮ ಎದುರಾಳಿಯ ಪಾದಕ್ಕೆ ಉಡ ಹಿಡಿದಂತೆ ಹಿಡಿದು ಬಿಡಲೇ ಇಲ್ಲ. ಹೀಗೆ ಒಬ್ಬರಾದ ಮೇಲೊಬ್ಬರನ್ನು ಎಬ್ಬಿಸಿ ಬಾಡಿಗೆಯ ಶೂರನನ್ನು ಒಳಗೆ ತಂದೆವು. ಎರಡು ಅಂಕದಿಂದ ಗೆದ್ದೆವು. ಅವನು ಪಾಲು ಎಣಿಸಿಕೊಂಡು ರಾತ್ರಿ ಬಸ್ಸಿಗೇ ಹೋದ, ಮತ್ತೆ ಕಣ್ಣಿಗೆ ಬೀಳಲಿಲ್ಲ. ಕಪ್ಪು ಓನರ್ ಕ್ಯಾಬಿನ್ನಿಗೆ ಸೇರಿತು. ಎಲ್ಲರಿಗಿಂತ ಹೆಚ್ಚು ಕುಣಿದವನು ಕುಣಿಗಲ್, ಒಂದೇ ಕಾಲಿನಲ್ಲಿ.

ಗೆಳೆತನವೋ ಗೆಲುವೋ ಎಂಬ ತಕರಾರನ್ನು ನಾನು ಅವನ ಪರವಾಗಿ ಮಾಡಿದ್ದೆ. ಅವನಿಗೆ ಅದು ಬೇಕಿರಲಿಲ್ಲ. ಆ ತಕರಾರು ಎದ್ದದ್ದು ಟೀ ಅಂಗಡಿಯಲ್ಲಿ. ಚೈನ್ ಹಾಕಿ ನಿಂತಾಗ ನನಗೂ ಅದರ ನೆನಪಿರಲಿಲ್ಲ.

ಇನ್ನು ಜಪಾನಿಗೂ ನಮಗೂ ಹಳೆಯ ಕೊಡುಕೊಳ್ಳುವಿಕೆ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. 1979ರಲ್ಲಿ ಏಷ್ಯನ್ ಅಮೆಚೂರ್ ಕಬಡ್ಡಿ ಫೆಡರೇಷನ್ ಪ್ರೊ. ಸುಂದರ್ ರಾಮ್ ಅವರನ್ನು ಎರಡು ತಿಂಗಳ ಮಟ್ಟಿಗೆ ಜಪಾನಿಗೆ ಕಳಿಸಿ ಆಟ ಕಲಿಸಿತು. ಅಲ್ಲಿಂದ ಹೊತ್ತು ತೋರಿಸುವುದು ಬಂತು, ಇಲ್ಲಿಂದ ಉಸಿರು ಹಿಡಿಯುವುದು ಹೋಯಿತು. ಕಬಡ್ಡಿ 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿತು. 2010ರಲ್ಲಿ ಗುವಾಂಗ್‌ಝೌನಲ್ಲಿ ಜಪಾನಿನ ಪುರುಷರು ಕಂಚು ಗೆದ್ದರು. ಮಾಂಗಾ ಬಂದದ್ದು ಅದಾಗಿ ಐದು ವರ್ಷಕ್ಕೆ.

ಕುಣಿಗಲ್ ಕರೆಸಿದ ಬಾಡಿಗೆ ಹುಡುಗನ ಸಂಗತಿ ಈಗ ಗುಟ್ಟಲ್ಲ, ಟಿವಿಯಲ್ಲೇ ಹರಾಜು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಕಪ್ ಎತ್ತಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ದೆಹಲಿಯ ಹುಡುಗನನ್ನು ಲಗ್ಗೆರೆಯ ಗಲ್ಲಿಗಳಲ್ಲಿ ನಮ್ಮ ಪವನ್ ಎಂದು ಕರೆಯುತ್ತಿದ್ದರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಅವರನ್ನು ಕೊಂಡಿತು. ಮೊನ್ನೆಯವರೆಗೆ ಸಿಳ್ಳೆ ಹೊಡೆದವರು ಅವರು ಹಿಡಿಸಿಕೊಂಡರೆ ಚಪ್ಪಾಳೆ ತಟ್ಟಬೇಕಾಯಿತು. ನನಗೇನೂ ಬೇಜಾರಿಲ್ಲ. ಮಗಳೂ ಕಂಪನಿ ಬದಲಿಸಿದ್ದಾಳೆ, ಹಳೇ ಟೀಮಿನವರ ಮದುವೆಗಳಿಗೆ ಈಗಲೂ ಹೋಗಿಬರುತ್ತಾಳೆ.

ಅವಳಿಗೆ ಆ ಎರಡು ನಿಯಮಗಳನ್ನು ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ರೇಟಿಂಗ್ ಎಲ್ಲಾ ಬೋನಸ್ ಪಾಯಿಂಟ್ ಅನ್ನು” ಎಂದಳು. ನನಗಿಂತ ಚೆನ್ನಾಗಿ ಹೇಳಿದಳು. ಬ್ಲೂ ಲಾಕ್ ಸುಳ್ಳು ಹೇಳುವುದಿಲ್ಲವೆಂಬ ಅವಳ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಬರೀ ಬೋನಸ್ ಗೆರೆಯ ಕಥೆ. ಕಥೆಯಾಗಿ ನನ್ನ ಓಟು ಕಬಡ್ಡಿಗೇ.

ನವೆಂಬರಿನಲ್ಲಿ ದಾಸರಹಳ್ಳಿ, ರಾಜಗೋಪಾಲನಗರದ ಕಡೆ ಹೊನಲು ಬೆಳಕಿನ ಪಂದ್ಯಾವಳಿಯ ಫ್ಲೆಕ್ಸ್ ಕಂಡರೆ ಒಂದು ರಾತ್ರಿ ನಿಂತು ನೋಡಿ. ಎಲ್ಲರೂ ರೈಡರ್‌ನನ್ನು ನೋಡುತ್ತಾರೆ, ನೀವು ಔಟಾಗಿ ಸಾಲಿನಲ್ಲಿ ಕೂತವರನ್ನು ನೋಡಿ. ಪಂದ್ಯದಲ್ಲಿ ಅತಿ ಹೆಚ್ಚು ಗಂಟಲು ಹರಿದುಕೊಳ್ಳುವವರು ಅವರೇ. ಪ್ರವೇಶ ಉಚಿತ, ಚುರುಮುರಿಗೆ ಮಾತ್ರ ದುಡ್ಡು.