ಮೊಡವೆಯ ಮಾತು

ಮೊಡವೆಯನ್ನು ಕುರಿತು ಪ್ರಬಂಧ ಬರೆಯುತ್ತೇನೆಂದಾಗ ಮಿತ್ರರೊಬ್ಬರು ಮುಗುಳ್ನಕ್ಕು, "ಅದಕ್ಕೆ ಸಾಮಗ್ರಿ ನಮ್ಮ ತರಗತಿಯಲ್ಲಿಯೇ ಧಾರಾಳವಾಗಿದೆಯಲ್ಲ!" ಎಂದರು. ದಿಟವೇ. ನಮ್ಮ ಬೆಂಚುಗಳಲ್ಲಿ ಮೊಡವೆಯಿಲ್ಲದ ಮುಖಗಳನ್ನು ಎಣಿಸುವುದೇ ಸುಲಭ. ನಮ್ಮ ಇಟ್ಟಿಗಿಯ ಕಡೆ ಹುಡುಗನ ಮುಖದಲ್ಲಿ ಮೊಡವೆ ಎದ್ದರೆ "ಪ್ರಾಯ ಬಂತು" ಎಂದು ನಗುತ್ತಾರೆ. ಹುಡುಗಿಯ ಮುಖದಲ್ಲಿ ಎದ್ದರೆ ಯಾರೂ ನಗುವುದಿಲ್ಲ, ಔಷಧ ಹುಡುಕುತ್ತಾರೆ.

ಪ್ರಾಯದ ಮಾತು ಸುಳ್ಳೇನಲ್ಲ. ಸುಶ್ರುತಸಂಹಿತೆಯು ಇದಕ್ಕೆ ಮುಖದೂಷಿಕಾ ಎಂದು ಹೆಸರಿಟ್ಟು, ತರುಣರ ಮುಖದ ಈ ಗುಳ್ಳೆಗಳನ್ನು ಬೂರುಗದ ಮುಳ್ಳಿಗೆ ಹೋಲಿಸಿದೆ. ಬೂರುಗದ ಕಾಂಡವನ್ನು ಕಂಡವರು ಈ ಹೋಲಿಕೆಗೆ ತಲೆದೂಗಲೇಬೇಕು. ಇಂದಿನ ವೈದ್ಯಶಾಸ್ತ್ರದ ವಿವರಣೆ ಹೀಗಿದೆ: ಹಣೆ, ಮೂಗು, ಗದ್ದಗಳಲ್ಲಿ ಜಿಡ್ಡು ಒಸರುವ ಗ್ರಂಥಿಗಳು ದಟ್ಟವಾಗಿವೆ. ಪ್ರಾಯದ ಹಾರ್ಮೋನುಗಳಿಂದ ಅವುಗಳ ಒಸರು ಹೆಚ್ಚುತ್ತದೆ. ಉದುರಿಹೋಗಬೇಕಾದ ಚರ್ಮದ ಕಣಗಳು ಆ ಜಿಡ್ಡಿನಲ್ಲಿ ಅಂಟಿಕೊಂಡು ರೋಮರಂಧ್ರದ ಬಾಯಿಗೆ ಬೆಣೆಯಾಗುತ್ತವೆ. ಒಳಗೆ ಮೊದಲಿನಿಂದಲೂ ಇದ್ದ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಮೂಗಿನ ಮೇಲಿನ ಕರಿಚುಕ್ಕೆಯೂ ಕೊಳೆಯಲ್ಲ, ಅಂತಹ ಬೆಣೆಯೇ ಗಾಳಿ ತಾಗಿ ಕಪ್ಪಾದದ್ದು. ದಿನಕ್ಕೆ ಆರು ಸಲ ಸಾಬೂನು ಉಜ್ಜುವವರಿಗೆ ಇದನ್ನು ಯಾರಾದರೂ ಹೇಳಬೇಕು. ಇನ್ನು ಮೂಗಿನ ಪಕ್ಕ, ಹುಬ್ಬುಗಳಲ್ಲಿ ಕೆಂಪಾಗಿ ಹೊಟ್ಟು ಏಳುವುದು ಬೇರೆಯೇ ತೊಂದರೆ. ಅದು ತಲೆಹೊಟ್ಟಿನ ಬಂಧು, ಮಲಸೀಜಿಯಾ ಎಂಬ ಶಿಲೀಂಧ್ರದ ಕೈವಾಡ ಅದರಲ್ಲಿದೆ.

ಮಂಡಕ್ಕಿಯ ಜೊತೆ ತಿಂದ ಮಿರ್ಚಿಯ ಎಣ್ಣೆಯೇ ಮುಖಕ್ಕೆ ಬರುತ್ತದೆಂದು ನಮ್ಮ ಹಿರಿಯರ ನಂಬಿಕೆ. ಹೊಟ್ಟೆಗೆ ಹೋದ ಎಣ್ಣೆ ನೆಟ್ಟಗೆ ಮೂಗಿಗೆ ಏರುವುದಿಲ್ಲ. ತಲೆಗೆ ಬಳಿದುಕೊಂಡ ಎಣ್ಣೆ ಮಾತ್ರ ಹಣೆಗೆ ಇಳಿದು ರಂಧ್ರಗಳನ್ನು ಮುಚ್ಚಬಲ್ಲದು. ಕೂದಲಿನ ಜಿಡ್ಡಿನಿಂದ ಹಣೆಯಲ್ಲಿ ಏಳುವ ಮೊಡವೆಯನ್ನು ಅಮೆರಿಕದ ವೈದ್ಯರು 1970ರಲ್ಲಿಯೇ ವರ್ಣಿಸಿದ್ದಾರೆ. ಇದನ್ನು ಅವ್ವನಿಗೆ ಹೇಳಿ ನೋಡಿದೆ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಕೆಳಗಿಡದೆಯೇ, "ನೀ ಓದಿದ್ದು ಹೆಚ್ಚಾತು ಬಿಡು" ಎಂದಳು.

ಇಷ್ಟೇ ಆಗಿದ್ದರೆ ಇದು ವಿನೋದದ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಚಿಕ್ಕವ್ವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಔಷಧದ ಅಂಗಡಿಯೊಂದರಲ್ಲಿ ಮೊಡವೆಗೆಂದು ಕೇಳಿದ ಕೂಡಲೇ ಒಂದು ಟ್ಯೂಬು ಸಿಕ್ಕಿತು. ವಾರದೊಳಗೆ ಗುಳ್ಳೆಗಳು ಅಡಗಿ ಮುಖ ಬೆಳ್ಳಗಾಯಿತು. ಮನೆಮಂದಿಯೆಲ್ಲ ಅಂಗಡಿಯವನನ್ನು ಧನ್ವಂತರಿಯೆಂದು ಹೊಗಳಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೆನ್ನೆ ಕೆಂಡದಂತಾಗಿ, ಒಳಗಿನ ಎಳೆಯ ರಕ್ತನಾಳಗಳು ಕಾಣುವಷ್ಟು ಚರ್ಮ ತೆಳುವಾಯಿತು. ಮಲ್ಲಿಗೆ ಬಿಡಿಸಲು ತೋಟಕ್ಕೆ ಹೋದರೆ ಬಿಸಿಲಿಗೆ ಉರಿ. ಒಂದೆರಡು ದಿನ ಹಚ್ಚದಿದ್ದರೆ ಮೊದಲಿನ ಇಮ್ಮಡಿ ಮೊಡವೆ.

ನಮ್ಮ ಮನೆತನದಲ್ಲಿ ಇಂಗ್ಲಿಷಿನ ಸಣ್ಣಕ್ಷರ ಓದುವವನು ನಾನೊಬ್ಬನೇ ಆದುದರಿಂದ ಟ್ಯೂಬು ನನ್ನ ಕೈಗೆ ಬಂತು. ಬೀಟಾಮೆಥಸೋನ್ ಎಂದಿತ್ತು. ಅದು ಸ್ಟೆರಾಯ್ಡ್. ಊತವನ್ನು ಅಡಗಿಸಿ, ರಕ್ತನಾಳಗಳನ್ನು ಕುಗ್ಗಿಸಿ ಮುಖವನ್ನು ಕೆಲವು ದಿನ ಬೆಳ್ಳಗೆ ತೋರಿಸುವುದು ಅದರ ಗುಣ. ತೆರಬೇಕಾದ ಬೆಲೆ ಆಮೇಲೆ. ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪಟ್ಟಿ ದಿಲ್ಲಿಯಲ್ಲಿದೆ, ಟ್ಯೂಬು ಹಳ್ಳಿಯಲ್ಲಿದೆ! ಭಾರತದ ಚರ್ಮವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮುಖದ ತೊಂದರೆಗೆಂದು ಬಂದ 2926 ಮಂದಿಯಲ್ಲಿ 433 ಮಂದಿ ಸ್ಟೆರಾಯ್ಡ್ ಹಚ್ಚುತ್ತಿದ್ದರು. ನಮ್ಮ ಹುಡುಗಿ ಒಂಟಿಯಲ್ಲವೆಂಬುದು ಎಂತಹ ಸಮಾಧಾನವೋ ಕಾಣೆ.

ದಾವಣಗೆರೆಯ ಚರ್ಮವೈದ್ಯರು ಅವಳನ್ನು ಬೈಯಲಿಲ್ಲ. ಮುಲಾಮು ಬಿಡಿಸುವ ಕ್ರಮ ತಿಳಿಸಿ, ಚರ್ಮ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕೆಂದರು. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ನಿಜವಾದ ಮದ್ದುಗಳಿವೆ. ಗುಣ ಕಾಣಲು ಆರೆಂಟು ವಾರ ತಾಳಬೇಕು. ಹೆಣ್ಣು ನೋಡಲು ಬರುವವರು ಎಂಟು ವಾರ ಎಲ್ಲಿ ಕೊಡುತ್ತಾರೆ?

ಅವರು ಬಂದು, ನೋಡಿ, ಅವಲಕ್ಕಿ ತಿಂದು ಹೋದರು, ಮತ್ತೆ ಸುದ್ದಿಯಿಲ್ಲ. ಈಗ ಉರಿ ಕಡಿಮೆಯಾಗಿದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಉಳಿದ ಟ್ಯೂಬನ್ನು ಕೇಳಿಕೊಂಡು ಬಂದಿದ್ದಳಂತೆ. ಚಿಕ್ಕವ್ವ ಕೊಡಲಿಲ್ಲ, ದುಡ್ಡು ಕೊಟ್ಟು ತಂದದ್ದೆಂದು ಎಸೆಯಲೂ ಇಲ್ಲ. ಅದಿನ್ನೂ ಗೋಡೆಯ ಗೂಡಿನಲ್ಲಿದೆ.