ರಾಜೀವಪ್ಪನ ಹೊಲಕ್ಕೆ ಎಷ್ಟು ಇಂಚು ನೀರು?

ಉಬ್ರಾಣಿ ಕಡೆಯ ಜನ ಸಿನಿಮಾದಲ್ಲಿ ಮೊದಲು ನೋಡುವುದು ನೆಲವನ್ನು. ಆಮೇಲೆ ಎತ್ತುಗಳನ್ನು. ಹೀರೋ, ಹೀರೋಯಿನ್, ಹಾಡು, ಫೈಟು ಎಲ್ಲ ಅವುಗಳ ಹಿಂದೆ ಸಾಲುಗಟ್ಟಿ ನಿಲ್ಲಬೇಕು. ಈ ಸಿದ್ಧಾಂತವನ್ನು ನಾನು ಯಾವ ಪುಸ್ತಕದಿಂದಲೂ ಎತ್ತಿದ್ದಲ್ಲ. ಟೆಂಟ್ ಸಿನಿಮಾದ ಗಾಂಧಿ ಕ್ಲಾಸಿನಲ್ಲಿ, ಅಂದರೆ ಪರದೆಯ ಮೂಗಿನಡಿಯ ಬರಿನೆಲದಲ್ಲಿ, ದೊಡ್ಡವರ ಬೆನ್ನುಗಳ ನಡುವೆ ನುಸುಳಿ ಕೂತು ಕಿವಿಯಾರೆ ಕೇಳಿ ಕಲಿತದ್ದು.

ಅದಕ್ಕೆ ನಮ್ಮ ಜಾಗವೂ ಕಾರಣ. ಚನ್ನಗಿರಿ ತಾಲ್ಲೂಕಿನ ಈ ಹೋಬಳಿಯನ್ನು ಮಲೆನಾಡಿಗೆ ಸೇರಿಸಬೇಕೋ ಬಯಲುಸೀಮೆಗೆ ಸೇರಿಸಬೇಕೋ ಎಂಬುದು ಮಳೆರಾಯನಿಗೇ ಇನ್ನೂ ಇತ್ಯರ್ಥವಾಗಿಲ್ಲ. ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಅಜ್ಜಂಪುರ ಸೀಮೆಯ ಎರೆಹೊಲ. ಸರ್ಕಾರದ್ದೂ ಅದೇ ಕತೆ. ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮನ್ನು 1997ರಲ್ಲಿ ಎತ್ತಿ ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಎತ್ತಿನ ವಿಷಯದಲ್ಲಂತೂ ನಮ್ಮವರ ಗತ್ತು ಕೇಳಬೇಡಿ. ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಇರುವುದು ಪಕ್ಕದ ಅಜ್ಜಂಪುರದಲ್ಲಿ. ಅಂಥ ರಾಸುಗಳನ್ನು ಕಂಡ ಕಣ್ಣಿಗೆ ಪರದೆಯ ಮೇಲೆ ಗಾಡಿ ಎಳೆಯುವ ಬಾಡಿಗೆ ಎತ್ತುಗಳು ಕಂಡರೆ ಸುಮ್ಮನಿರುವುದು ಹೇಗೆ? ರಾಜಕುಮಾರರ ಅಭಿನಯಕ್ಕೆ ಕಣ್ಣೀರು ಹಾಕುತ್ತಲೇ, "ಬಲಗಡೆ ಎತ್ತು ಕುಂಟ್ತಾ ಐತೆ ನೋಡ್ಲಾ" ಎಂದು ಪಕ್ಕದವನನ್ನು ತಿವಿಯುತ್ತಿದ್ದರು.

ಟೆಂಟು ಬರುತ್ತಿದ್ದುದು ಸುಗ್ಗಿ ಮುಗಿದ ಮೇಲೆ, ಜನರ ಸೊಂಟದಲ್ಲಿ ನಾಲ್ಕು ಕಾಸು ಇರುವಾಗ. ಲೈಸೆನ್ಸು ಇರುವವರೆಗೆ ಇದ್ದು, ಗೂಟ ಕಿತ್ತು, ಲಾರಿಗೆ ಹೇರಿಕೊಂಡು ಮುಂದಿನೂರಿಗೆ. ಸಂಜೆ ಘಂಟಸಾಲರ ದನಿಯಲ್ಲಿ ವೆಂಕಟೇಶನ ತೆಲುಗು ಸ್ತುತಿ ಮೈಕಿನಲ್ಲಿ ಎದ್ದಿತೆಂದರೆ ಆಟ ಶುರುವಾಗುತ್ತದೆ ಎಂದರ್ಥ. ಆ ಸ್ತುತಿ ಕೇಳಿ ನಮ್ಮ ಮನೆಯ ಹೆಂಗಸರಿಗೆ ಭಕ್ತಿ ಬಂದದ್ದನ್ನು ನಾನು ಕಂಡಿಲ್ಲ. ಒಲೆಯ ಕೊಳ್ಳಿ ಹಿಂದೆಳೆದು, ಮುದ್ದೆಯನ್ನು ಮುಚ್ಚಿಟ್ಟು ಓಡುತ್ತಿದ್ದರು. ಡೀಸೆಲ್ ಎಂಜಿನ್ನಿನ ಗುಡುಗುಡು, ಎರಡು ಇಂಗಾಲದ ಕಡ್ಡಿಗಳ ತುದಿಯ ನಡುವೆ ಹೊತ್ತಿಕೊಳ್ಳುವ ಆ ನೀಲಿಬಿಳಿ ಬೆಳಕು, ಬೀಡಿಯ ಹೊಗೆ. ಉರಿದು ಮಿಕ್ಕ ಕಡ್ಡಿಯ ತುಂಡುಗಳಿಗಾಗಿ ಬೆಳಗ್ಗೆ ನಾವು ಹುಡುಗರು ಟೆಂಟಿನ ಹಿಂದೆ ತಡಕಾಡುತ್ತಿದ್ದೆವು. ಮೈಗೆ ತಾಮ್ರದ ಲೇಪ ಇರುತ್ತಿದ್ದ ಆ ತುಂಡಿಗೆ ನಮ್ಮ ವ್ಯವಹಾರದಲ್ಲಿ ಗೋಲಿಗಿಂತ ಹೆಚ್ಚು ಬೆಲೆ. ಫಿಲ್ಮಿನ ತುಂಡು ಸಿಕ್ಕಿದರೆ ಕೇಳುವುದೇ ಬೇಡ. ಕೆಟ್ಟ ಬಲ್ಬಿನ ಹೊಟ್ಟೆಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ತಿರುಗಿಸಿ, ಕತ್ತಲೆ ಕೋಣೆಯ ಬಿಳಿ ಪಂಚೆಯ ಮೇಲೆ ಅಲುಗಾಡದ ನರಸಿಂಹರಾಜುವನ್ನು ತಲೆಕೆಳಗಾಗಿ ಮೂಡಿಸುತ್ತಿದ್ದೆವು.

ಟೆಂಟಿನಲ್ಲಿ ಇರುತ್ತಿದ್ದುದು ಒಂದೇ ಪ್ರೊಜೆಕ್ಟರು. ಇಡೀ ನನ್ನ ಸಿನಿಮಾ ವಿದ್ಯಾಭ್ಯಾಸ ನಿಂತಿರುವುದು ಈ ಒಂಟಿ ಯಂತ್ರದ ಮೇಲೆ. ಸೆಕೆಂಡಿಗೆ 24 ಚಿತ್ರದಂತೆ ಓಡುವ ಫಿಲ್ಮು, ಸಾವಿರ ಅಡಿಯ ಒಂದು ರೀಲಿಗೆ ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿನಾಲ್ಕು ರೀಲು ಹತ್ತಿರ. ಎರಡೆರಡು ರೀಲು ಜೋಡಿಸಿ ಸುತ್ತಿಟ್ಟರೂ ಇಪ್ಪತ್ತು ಚಿಲ್ಲರೆ ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಬದಲಾಯಿಸಲೇಬೇಕಿತ್ತು. ಪಟ್ಟಣದ ಥಿಯೇಟರಿನಲ್ಲಿ ಎರಡು ಯಂತ್ರಗಳು ಒಂದರ ಹಿಂದೆ ಒಂದು ಓಡುತ್ತಿದ್ದುದರಿಂದ ಪ್ರೇಕ್ಷಕ ಬಾಯಿ ಮುಚ್ಚಿಕೊಂಡು ಕತೆಯೊಳಗೆ ಮುಳುಗಿರುತ್ತಿದ್ದ. ನಮ್ಮಲ್ಲಿ ದೀಪ ಹತ್ತಿತೋ, ಪಂಚಾಯಿತಿ ಶುರು. ಅಲ್ಲಿಯವರೆಗೆ ನಡೆದದ್ದು ಸರಿಯೋ ತಪ್ಪೋ, ಮುಂದೆ ಹೀರೋ ಏನು ಮಾಡಬೇಕು, ಮಾಡದಿದ್ದರೆ ಅವನಿಗೆ ಮಾಡಬೇಕಾದ್ದೇನು, ಎಲ್ಲ ತೀರ್ಮಾನವಾಗಿ ಮತ್ತೆ ಕತ್ತಲಾಗುತ್ತಿತ್ತು.

ಹೀಗೆ ನಾನು ಕಂತುಕಂತಾಗಿ ಕಂಡ ಚಿತ್ರಗಳಲ್ಲಿ ಇವತ್ತಿಗೂ ಬಿಡದೆ ಕಾಡುವುದು 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. 1972ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲೇ ಎರಡು ವರ್ಷ ಓಡಿತು. ಪಟ್ಟಣದಲ್ಲಿದ್ದವರು ಇದನ್ನು ನೋಡಿ ಹಳ್ಳಿಗೆ ಮರಳಿ ಬೇಸಾಯ ಹಿಡಿದರೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಅದು ಎಷ್ಟು ಯಂತ್ರಗಳ ಹಲ್ಲಿಗೆ ಸಿಕ್ಕಿತ್ತೋ, ಪ್ರಿಂಟಿನ ತುಂಬ ಉದ್ದುದ್ದ ಗೀರು. ಪರದೆಯ ಮೇಲೆ ಮೊದಲಿಂದ ಕೊನೆಯವರೆಗೆ ಸೋನೆ ಹಿಡಿದ ಹಾಗೆ. "ಪಿಚ್ಚರಲ್ಲಾದ್ರೂ ಮಳೆ ಬರ್ತಾ ಐತಲ್ಲ, ಬಿಡು" ಎಂದರು ನಮ್ಮ ದೊಡ್ಡಪ್ಪ. ಆ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟಿತ್ತು.

ಕಲ್ಲುಬಂಡೆಯ ಬರಡು ನೆಲವನ್ನು ಚಿತ್ರದ ನಾಯಕ ರಾಜೀವಪ್ಪ ಒಡೆದು ಹಸನು ಮಾಡುವ ಭಾಗ ಬಂದಾಗ ಟೆಂಟಿನಲ್ಲಿ ಶಿಳ್ಳೆ ಬೀಳಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿ ನೋಡಿದರು. ಮದ್ದಿನ ಖರ್ಚು ಎಷ್ಟಾಗಬಹುದು, ಆಳುಗಳ ಕೂಲಿ ಎಷ್ಟು, ಅಷ್ಟು ದುಡ್ಡು ಎಲ್ಲಿಂದ ಬಂತು, ಇದು ಲೆಕ್ಕ. ಬಾಲಕೃಷ್ಣ ಮಾಡಿದ ರಾಚೂಟಪ್ಪನ ಪಾತ್ರ ಜನರಿಗೆ ಬಲು ಹಿಡಿಸಿತ್ತು. ನಿಜಜೀವನದಲ್ಲಿ ಕಿವಿ ಸರಿಯಾಗಿ ಕೇಳದ ಆ ನಟ ಎದುರಿನವರ ಮಾತಿಗೆ ತಪ್ಪದೆ ತಾಳ ಹಾಕಿ ನಟಿಸುತ್ತಿದ್ದರು, ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಅವರೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ರೀಲು ಬದಲಾಯಿಸಲು ದೀಪ ಹತ್ತಿದಾಗ ಯಾರೋ ಒಬ್ಬರು ಗಂಭೀರವಾಗಿ ಕೇಳಿದ್ದು ಈ ಪ್ರಶ್ನೆ: "ರಾಜೀವಪ್ಪನ ಹೊಲಕ್ಕೆ ಎಷ್ಟು ಇಂಚು ನೀರು ಬಿದ್ದಿರಬೌದು?" ಬಾವಿಯಿಂದ ಬೀಳುವ ನೀರನ್ನು ನಮ್ಮವರು ಅಳೆಯುವುದು ಇಂಚಿನಲ್ಲಿ. ಎರಡು ಇಂಚು ಎಂದರು ಕೆಲವರು. ಅಷ್ಟು ಪಸಲಿಗೆ ಮೂರಾದರೂ ಬೇಕು ಎಂದರು ಇನ್ನು ಕೆಲವರು. ಗಲಾಟೆ ಎಷ್ಟಾಯಿತೆಂದರೆ ಮುಂದಿನ ರೀಲಿನ ಮೊದಲ ಮಾತುಗಳು ಯಾರಿಗೂ ಕೇಳಲಿಲ್ಲ.

ಗೂಳಿ ತಿವಿದು ರಾಜೀವಪ್ಪನ ಹೆಂಡತಿ ಲಕ್ಷ್ಮಿ ಸಾಯುವಾಗ ಎಲ್ಲರೂ ಅತ್ತರು, ನಾನೂ ಅತ್ತೆ. ಓದಿಸಿ ಬೆಳೆಸಿದ ಅಕ್ಕನ ಮಗನ ಮಾತಿಗೆ ನೊಂದು ರಾಜೀವಪ್ಪ ಎಲ್ಲ ಬಿಟ್ಟು ಬರಿಗೈಯಲ್ಲಿ ನಡೆದುಹೋಗುವಾಗಲೂ ಅತ್ತೆವು. ಮನೆಯ ದಾರಿಯಲ್ಲಿ ಮೂಗು ಒರೆಸಿಕೊಳ್ಳುತ್ತಲೇ ದೊಡ್ಡಪ್ಪ ತಗಾದೆ ತೆಗೆದರು: "ಎಲ್ಲಾ ಸರಿ. ಪಾಣಿ ಯಾರೆಸರಲ್ಲಿತ್ತು ಅಂತ ತೋರಿಸ್ಲೇ ಇಲ್ಲ." ಆ ಚಿತ್ರದ ಬಗ್ಗೆ ಮುಂದೆ ಎಷ್ಟೋ ವಿಮರ್ಶೆ ಓದಿದೆ. ಪಹಣಿಯ ಮಾತೆತ್ತಿದ್ದು ಒಂದೂ ಇಲ್ಲ.

1972ರದೇ ಡಿಸೆಂಬರಿನಲ್ಲಿ ಬಂದ 'ನಾಗರಹಾವು' ನಮ್ಮವರಿಗೆ ಬೇರೆ ತೊಡಕು ತಂದಿಟ್ಟಿತು. ಅದರಲ್ಲಿ ಗೇಯುವ ನೆಲವೇ ಇಲ್ಲ, ಎಲ್ಲೆಲ್ಲೂ ಚಿತ್ರದುರ್ಗದ ಬಂಡೆ. ಆದರೂ ಸ್ವಂತದ್ದೆಂಬ ಸಲಿಗೆ. ಕಾದಂಬರಿ ಬರೆದ ತ.ರಾ.ಸು. ಹುಟ್ಟಿದ್ದು 1920ರಲ್ಲಿ ಪಕ್ಕದ ಮಲೇಬೆನ್ನೂರಿನಲ್ಲಿ. ಚಿತ್ರದುರ್ಗದವರು ಕುಡಿಯುವುದೋ, ನಮ್ಮ ತಾಲ್ಲೂಕಿನ ಸೂಳೆಕೆರೆ ಶಾಂತಿಸಾಗರದ ನೀರು. ನಿರ್ದೇಶಕ ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ಮುನಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಅಭಿಪ್ರಾಯ ಕೇಳಿದರೆ, ರೈತನಿಗೆ ಉಪಕಾರಿ ಕೇರೆಹಾವೇ; ಗದ್ದೆಯ ಇಲಿ ಹಿಡಿಯುತ್ತದೆ. ವಿಷ್ಣುವರ್ಧನರ ರಾಮಾಚಾರಿ ಆ ವಯಸ್ಸಿನಲ್ಲಿ ನನಗೆ ಹುಚ್ಚು ಹಿಡಿಸಿದ್ದ. ಈಗ ಉಳಿದಿರುವುದು ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ಮಾತ್ರ. ವಯಸ್ಸಾದ ಹಾಗೆ ಚಿತ್ರದ ನಾಯಕ ಬದಲಾಗುತ್ತಾನೆ, ಟಿಕೆಟ್ಟು ಹಳೆಯದೇ.

'ಭೂತಯ್ಯನ ಮಗ ಅಯ್ಯು' 1974ರದು, ಗೊರೂರರ ಕತೆ, ಮತ್ತೆ ಸಿದ್ದಲಿಂಗಯ್ಯ. ಅದರಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವುದನ್ನು ಕಂಡು ಟೆಂಟಿಗೆ ಟೆಂಟೇ ಬಾಯಿ ನೀರೂರಿಸಿಕೊಂಡಿತ್ತು. ಆ ನಟನಿಗೆ ಉಪ್ಪಿನಕಾಯಿ ಎಂಬ ಬಿರುದೇ ಅಂಟಿಕೊಂಡದ್ದರಲ್ಲಿ ನಮ್ಮ ಹೋಬಳಿಯ ಪಾಲೂ ಇದೆ.

ಆಮೇಲೆ ಟಿವಿ ಬಂತು. ಊರಿಗೊಂದು ಎರಡು. ಗಣಪತಿ ಹಬ್ಬದಲ್ಲಿ ವಿಡಿಯೋ ಬಾಡಿಗೆ ತಂದು ರಾತ್ರಿಗೆ ಮೂರು ಚಿತ್ರ ಓಡಿಸುವ ಕಾಲವೂ ಬಂತು. ಟೆಂಟು ಮಾತ್ರ ಬರಲಿಲ್ಲ. ಭಾನುವಾರ ಮಧ್ಯಾಹ್ನ ದೆಹಲಿ ದೂರದರ್ಶನ ಬೇರೆಬೇರೆ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿತ್ತು. ಬಂಗಾಳಿ, ಅಸ್ಸಾಮಿ ಬಂದ ದಿನ ಜನ ಎದ್ದುಹೋಗುತ್ತಿದ್ದರು. ಕನ್ನಡದ ಸರದಿ ಎಂದು ಗೊತ್ತಾದರೆ ಟಿವಿ ಇದ್ದ ಮನೆಯ ಪಡಸಾಲೆ ತುಂಬುತ್ತಿತ್ತು. ಹಾಗೊಂದು ಭಾನುವಾರ 'ಚೋಮನ ದುಡಿ' ನೋಡಿದೆ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ ಚಿತ್ರ. ಸ್ವರ್ಣಕಮಲವೂ, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದಿದ್ದವು.

ಚೋಮನಿಗೆ ಎರಡು ಎತ್ತಿವೆ, ಹೂಡಲು ನೆಲವಿಲ್ಲ. ಅವನ ಜಾತಿಯವನು ಬೇಸಾಯ ಮಾಡಕೂಡದು ಎಂಬುದು ಊರಿನ ಕಟ್ಟಳೆ. ಎತ್ತಿನ ವಿಷಯವಾದ್ದರಿಂದ ನಮ್ಮವರು ಎಂದಿನಂತೆ ಸುಳಿ, ಕೊಂಬು, ಹಲ್ಲು ಎಂದು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಆ ಮಾತು ನಿಂತಿತು. ಮನೆಯ ಯಜಮಾನರು ಗಂಟಲು ಸರಿಮಾಡಿಕೊಂಡು, "ಇದು ಘಟ್ಟದ ಕೆಳಗಿನ ಕತೆ. ನಮ್ಮ ಕಡೆ ಹಂಗೆಲ್ಲ ಇಲ್ಲ" ಎಂದರು. ಹೇಳಿದ್ದು ಅಂಗಳದ ಕಡೆ ತಿರುಗಿ. ಅಂಗಳದಲ್ಲಿ, ಹೊಸ್ತಿಲ ಆಚೆ ನಿಂತು ಕತ್ತು ಚಾಚಿ ಚಿತ್ರ ನೋಡುತ್ತಿದ್ದವರು ಅವರ ಹೊಲದಲ್ಲೇ ದುಡಿಯುವ ಆಳು. ಪಡಸಾಲೆಯಲ್ಲಿ ಕೂತಿದ್ದ ನನಗೂ ಬಾಯಿ ಬರಲಿಲ್ಲ. ಆ ಮನುಷ್ಯ ಮಾತ್ರ ತಣ್ಣಗೆ ಒಂದು ಮಾತು ಆಡಿದರು: "ನಮ್ಗೆ ಎತ್ತೂ ಇಲ್ವಲ್ಲ ಗೌಡ್ರೆ."

ಚಿತ್ರ ಬಂದದ್ದು ಯಾವಾಗ ನೋಡಿ. 1974ರ ಮಾರ್ಚಿನಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಎಂದು ನಾಡೆಲ್ಲ ಕೂಗಾಗುತ್ತಿದ್ದ ಹೊತ್ತು. ಗೇಣಿ ಮಾಡುತ್ತಿದ್ದವನು ಡಿಕ್ಲರೇಷನ್ ಹಾಕಿ ಹೊಲ ಪಡೆದ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ನೇಗಿಲು ಹಿಡಿದವನು ಉಳುತ್ತಿದ್ದರೂ ಕಾನೂನಿನ ಕಣ್ಣಿಗೆ ಉಳುವವನಾಗಲಿಲ್ಲ. ಕಾನೂನು ಎಣಿಸದೆ ಬಿಟ್ಟವನನ್ನು ಆ ಚಿತ್ರ ಎಣಿಸಿತ್ತು. ದೊಡ್ಡಪ್ಪನ ಪಹಣಿಯ ಪ್ರಶ್ನೆ ತಮಾಷೆಯದಲ್ಲ ಎಂದು ನನಗೆ ಹೊಳೆದದ್ದು ಅವತ್ತು.

ರಾಜೀವಪ್ಪನ ದಾರಿಯನ್ನು ನಮ್ಮ ಕಡೆಯವರು ಸ್ವಲ್ಪ ಅತಿಯಾಗಿಯೇ ಹಿಡಿದರು ಎಂದು ಕಾಣುತ್ತದೆ. ಜೋಳ, ರಾಗಿ, ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಅಡಿಕೆ ಬಂತು, ಅಡಿಕೆಯ ಬೆನ್ನಿಗೆ ಬೋರ್‌ವೆಲ್. ನೂರರ ಲೆಕ್ಕದಲ್ಲಿದ್ದ ಆಳ ಸಾವಿರ ಅಡಿಯ ಸಮೀಪಕ್ಕೆ ಇಳಿಯಿತು. ನಾವೂ ಕೊರೆಸಿದೆವು. ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕರೆಸಿದೆವು, ದೂಳು ಬಂತು. ಬೇಸಿಗೆಯಲ್ಲಿ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುವುದನ್ನು ಕಂಡಾಗ ಬಂಡೆ ಒಡೆಯುವ ಆ ದೃಶ್ಯ ನೆನಪಾಗಿ, ಚಿತ್ರದ ಎರಡನೇ ಭಾಗವನ್ನು ಯಾರೂ ತೆಗೆಯಲಿಲ್ಲವಲ್ಲ ಅನ್ನಿಸುತ್ತದೆ. ಭದ್ರೆಯ ನೀರನ್ನು ಮೇಲೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆ ಬಂದ ಮೇಲೆ ಈಗ ಪೇಪರಿನವರಿಗೆ ಉಬ್ರಾಣಿ ಎಂದರೆ ಒಂದು ಯೋಜನೆಯ ಹೆಸರು. ಆ ಪೈಪಿನಲ್ಲಿ ಎಷ್ಟು ಇಂಚು ಎಂಬುದು ಈಗಿನ ಪಂಚಾಯಿತಿ.

ಇತ್ತೀಚೆಗೆ ನೆಲದ ಪರೀಕ್ಷೆಯಲ್ಲಿ ಪಾಸಾದ ಚಿತ್ರವೆಂದರೆ ರಾಮ್ ರೆಡ್ಡಿಯವರ 'ತಿಥಿ'. ಮಂಡ್ಯದ ನೊದೆಕೊಪ್ಪಲಿನ ಸುತ್ತಮುತ್ತಲ ಜನರನ್ನೇ ಹಾಕಿಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ಚಿನ್ನದ ಚಿರತೆ ಕೊಟ್ಟರು. ಚಿರತೆ ನಮಗೇನೂ ಹೊಸದಲ್ಲ. ಅಲ್ಲಿ ಐದು ಎಕರೆ ಮಾರಲು ತಮ್ಮಣ್ಣ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಅಪ್ಪ ಗಡ್ಡಪ್ಪನಿಗೆ ಆ ನೆಲದ ಗೊಡವೆಯೇ ಬೇಡ, ಕುಡಿಯುತ್ತ ನಡೆಯುತ್ತಿರುತ್ತಾನೆ. ಬಂಡೆ ಒಡೆದು ನೆಲ ಮಾಡಿದ ಒಬ್ಬ, ನೆಲವೇ ಸಿಗದ ಒಬ್ಬ, ಇದ್ದ ನೆಲವನ್ನು ಮಾರಲು ಸುಳ್ಳು ಕಾಗದ ಮಾಡಿಸಿದ ಒಬ್ಬ. ನಲವತ್ತು ಚಿಲ್ಲರೆ ವರ್ಷಗಳ ಕರ್ನಾಟಕ ಬೇಕೆಂದರೆ ಈ ಮೂರು ಚಿತ್ರ ಸಾಕು ಎಂದು ನಾನು ಯಾರೊಂದಿಗಾದರೂ ವಾದಕ್ಕೆ ಸಿದ್ಧ. ಇದರಲ್ಲಿ ಪಹಣಿಯನ್ನು ತೆರೆಯ ಮೇಲೆ ತಂದು ದೊಡ್ಡಪ್ಪನಿಗೆ ಉತ್ತರ ಕೊಟ್ಟದ್ದು ಮೂರನೆಯದು. ಅದನ್ನು ನೋಡಲು ಅವರಿರಲಿಲ್ಲ.

'ಬಂಗಾರದ ಮನುಷ್ಯ' ಆಗಾಗ ಟಿವಿಯಲ್ಲಿ ಬರುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಹೊಲ ಗೇಯ್ದ ಹಿರಿಯರಿದ್ದರೆ ಈ ಸಲ ಅವರ ಪಕ್ಕ ಕೂತು ನೋಡಿ. ಜಾಹೀರಾತು ಬಂದಾಗ ಚಾನೆಲ್ ಬದಲಾಯಿಸಬೇಡಿ. ದನಿ ಕಡಿಮೆ ಮಾಡಿ, ಅವರನ್ನು ಮಾತಾಡಲು ಬಿಡಿ.